ಕಾರ್ಲ್ ಥೀಮನ್ ಅಚ್ಚುಗಳನ್ನು ನೋಡಿ ಕಲಿಯೋಣ: ಹೂದಾನಿಯ ಚಿತ್ರವನ್ನು ನಾಲ್ಕು ಬಣ್ಣದ ಮರದಚ್ಚಾಗಿ ಮಾಡುವುದು ಹೇಗೆ

ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಹಚ್ಚಿ, ಕಾಗದದ ಮೇಲೆ ಒತ್ತಿ ಮುದ್ರಿಸುವುದೇ ಬಣ್ಣದ ಮರದಚ್ಚು. ಅದನ್ನು ಕಲಿಯಬೇಕು ಅಂದವರು ಮೊದಲು ಕೇಳುವುದು ಉಳಿಯ ಬಗ್ಗೆ. ಯಾವ ಉಳಿ, ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು. ಉಳಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ದೊಡ್ಡ ಕೆಲಸ ಮರ ಮುಟ್ಟುವ ಮುಂಚೆಯೇ ಇದೆ. ಎಷ್ಟು ಬಣ್ಣ ಬೇಕು, ಯಾವುದರ ಮೇಲೆ ಯಾವುದು ಬರಬೇಕು, ಯಾವ ಗೆರೆ ಬೇಡವೇ ಬೇಡ ಅನ್ನುವುದು ಕಾಗದದ ಮೇಲೆ ತೀರ್ಮಾನ ಆಗಿದ್ದರೆ ಕೆತ್ತನೆ ಸ್ವಲ್ಪ ಒರಟಾದರೂ ಚಿತ್ರ ನಿಲ್ಲುತ್ತದೆ. ಅದು ತೀರ್ಮಾನ ಆಗದೆ ಕೆತ್ತಲು ಕೂತರೆ ಎಂಥ ಒಳ್ಳೆಯ ಉಳಿ ಇದ್ದರೂ ಉಪಯೋಗ ಇಲ್ಲ.

ಇದನ್ನು ಕಲಿಯಲು ನಾನು ತೋರಿಸುವುದು ಕಾರ್ಲ್ ಥೀಮನ್ ಅವರ ಚಿತ್ರಗಳನ್ನು. 1881ರಲ್ಲಿ ಬೊಹೆಮಿಯಾದ ಕಾರ್ಲ್ಸ್‌ಬಾದ್‌ನಲ್ಲಿ ಹುಟ್ಟಿದ ಜರ್ಮನ್ ಕಲಾವಿದ. ಓದಿದ್ದು ಪ್ರಾಗ್‌ನಲ್ಲಿ. ಅದೇ ಕಾರ್ಲ್ಸ್‌ಬಾದ್‌ನ ಗೆಳೆಯ ವಾಲ್ಟರ್ ಕ್ಲೆಮ್ ಜೊತೆ ಸೇರಿ ಮರದಚ್ಚಿಗೆ ಕೈ ಹಾಕಿದರು. 1908ರಲ್ಲಿ ಇಬ್ಬರೂ ಮ್ಯೂನಿಕ್ ಹತ್ತಿರದ ಡಾಖಾವ್‌ಗೆ ಬಂದರು. ಕ್ಲೆಮ್ 1913ರಲ್ಲಿ ವೈಮಾರ್‌ಗೆ ಪಾಠ ಹೇಳಲು ಹೋದರು. ಥೀಮನ್ ಮಾತ್ರ 1966ರಲ್ಲಿ ತೀರಿಕೊಳ್ಳುವವರೆಗೂ ಡಾಖಾವ್‌ನಲ್ಲೇ ಉಳಿದರು. ಆ ಊರಿನ ಹೆಸರು ಕೇಳಿದರೆ ಇವತ್ತು ಎಲ್ಲರಿಗೂ ನೆನಪಾಗುವುದು 1933ರಲ್ಲಿ ಅಲ್ಲಿ ತೆರೆದ ನಾತ್ಸಿ ಸೆರೆಶಿಬಿರ, ಅದು ಹಾಗೆಯೇ ನೆನಪಾಗಬೇಕು ಕೂಡ. ಅದಕ್ಕೂ ಹಿಂದೆ ಅದು ಚಿತ್ರಕಾರರ ಊರಾಗಿತ್ತು. ಸುತ್ತಲಿನ ಜೌಗು ಬಯಲು, ಅದರ ಬೆಳಕು ನೋಡಿ ಕಲಾವಿದರು ಅಲ್ಲಿ ಬಂದು ನೆಲೆಸುತ್ತಿದ್ದರು. ಥೀಮನ್ ಕೆತ್ತಿದ್ದು ಬರ್ಚ್ ಮರಗಳು, ನೀರು, ದೋಣಿ, ಹಳೆಯ ಊರುಗಳು, ಹೂದಾನಿಯಲ್ಲಿ ಇಟ್ಟ ಹೂಗಳು.

ಇನ್ನೊಬ್ಬರ ಹೆಸರೂ ಹೇಳಬೇಕು. ಪ್ರಾಗ್‌ನ ಎಮಿಲ್ ಓರ್ಲಿಕ್ 1900ರಲ್ಲಿ ಜಪಾನಿಗೆ ಹೋಗಿ, ಅಲ್ಲಿನವರು ಬಣ್ಣದ ಅಚ್ಚು ಮಾಡುವುದನ್ನು ಹತ್ತಿರದಿಂದ ನೋಡಿ ಕಲಿತು ಬಂದರು. ಅಲ್ಲಿ ಚಿತ್ರ ಬರೆಯುವವರು ಒಬ್ಬರು, ಕೆತ್ತುವವರು ಒಬ್ಬರು, ಮುದ್ರಿಸುವವರು ಮತ್ತೊಬ್ಬರು. ಓರ್ಲಿಕ್ ಆ ಮೂವರನ್ನೂ ಮೂರು ಅಚ್ಚುಗಳಲ್ಲಿ ಚಿತ್ರಿಸಿದ್ದಾರೆ. ಯುರೋಪಿನ ಹೊಸ ಪೀಳಿಗೆಯವರು ಆ ಮೂರೂ ಕೆಲಸವನ್ನು ಒಬ್ಬರೇ ಮಾಡಲು ಹೊರಟರು. ನೀವೂ ಈಗ ಮಾಡಲು ಹೊರಟಿರುವುದು ಅದನ್ನೇ. ಹಾಗಾಗಿ ಚಿತ್ರ ಬರೆಯುವಾಗಲೇ ನಿಮ್ಮೊಳಗಿನ ಮುದ್ರಕರನ್ನೂ ಒಂದು ಮಾತು ಕೇಳಿ.

ಮೊದಲು ನೋಡಿ

ಥೀಮನ್ ಅವರ ಒಂದು ಹೂವಿನ ಅಚ್ಚನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ಇಟ್ಟುಕೊಳ್ಳಿ. ಮ್ಯೂಸಿಯಮ್ಮುಗಳ, ಹರಾಜು ಮನೆಗಳ ಸೈಟುಗಳಲ್ಲಿ ಸಿಗುತ್ತವೆ. ಒಂದು ಹಾಳೆ, ಪೆನ್ಸಿಲ್ ಹಿಡಿದು ಬಣ್ಣಗಳನ್ನು ಎಣಿಸಿ. ಮೊದಲ ನೋಟಕ್ಕೆ ಹತ್ತು ಹನ್ನೆರಡು ಇವೆ ಅನಿಸಬಹುದು. ಆಮೇಲೆ ಕೇಳಿಕೊಳ್ಳಿ: ಇವುಗಳಲ್ಲಿ ಎಷ್ಟು ನಿಜವಾಗಿ ಬೇರೆ ಬಣ್ಣ, ಎಷ್ಟು ಒಂದರ ಮೇಲೆ ಒಂದು ಬಿದ್ದು ಹುಟ್ಟಿದ್ದು? ಹಳದಿ ಮೇಲೆ ನೀಲಿ ಬಿದ್ದ ಕಡೆ ಹಸಿರು ಆಗಿರುತ್ತದೆ. ಬೂದಿ ಬಣ್ಣದ ಮೇಲೆ ಕೆಂಪು ಬಿದ್ದ ಕಡೆ ಹೂವಿನ ನೆರಳು ಆಗಿರುತ್ತದೆ.

ಎರಡನೆಯದಾಗಿ, ಗೆರೆ ಎಲ್ಲಿ ಇಲ್ಲ ಅಂತ ಹುಡುಕಿ. ಹೊಸಬರು ಮಾಡುವುದು ಏನೆಂದರೆ, ಎಲ್ಲಾ ಆಕಾರದ ಸುತ್ತಲೂ ಕಪ್ಪು ಗೆರೆ ಹಾಕಿ ಒಳಗೆ ಬಣ್ಣ ತುಂಬುವುದು. ಮಕ್ಕಳ ಬಣ್ಣ ತುಂಬುವ ಪುಸ್ತಕದ ಹಾಗೆ ಆಗಿಬಿಡುತ್ತದೆ. ಒಳ್ಳೆಯ ಬಣ್ಣದ ಅಚ್ಚಿನಲ್ಲಿ ತಿಳಿ ಎಲೆ ಗಾಢ ಹಿನ್ನೆಲೆಗೆ ನೇರವಾಗಿ ತಾಗುತ್ತದೆ, ನಡುವೆ ಗೆರೆ ಬೇಕಾಗುವುದೇ ಇಲ್ಲ. ಗಾಢ ಗೆರೆ ಬರುವುದು ನೆರಳಿರುವ ಕಡೆ, ಅಥವಾ ಎರಡು ಒಂದೇ ತೂಕದ ಬಣ್ಣ ಅಂಟಿಕೊಂಡು ಆಕಾರ ಕಳೆದುಹೋಗುವ ಕಡೆ.

ಡ್ರೆಸ್ಡನ್‌ನ ಮಾರ್ಟಿನ್ ಎರಿಕ್ ಫಿಲಿಪ್ (1887–1978) ಅವರ ಕಾಕಟೂ, ಗಿಳಿಗಳ ಅಚ್ಚುಗಳನ್ನೂ ಒಮ್ಮೆ ನೋಡಿ. ಹಿನ್ನೆಲೆಯನ್ನು ಖಾಲಿ ಬಿಡಲು ಧೈರ್ಯ ಬರುತ್ತದೆ.

ವಸ್ತು ಮತ್ತು ಬೆಳಕು

ಮೊದಲ ಅಚ್ಚಿಗೆ ಒಂದು ಹೂದಾನಿ, ಮೂರು ಹೂವು, ನಾಲ್ಕೈದು ಎಲೆ ಸಾಕು. ದಾಸವಾಳ, ಆಂಥೂರಿಯಂ, ಡೇಲಿಯಾ ಥರದ ದೊಡ್ಡ ಆಕಾರದ ಹೂ ಆರಿಸಿ. ಮಲ್ಲಿಗೆ, ಕನಕಾಂಬರ ಈಗ ಬೇಡ, ಸಣ್ಣ ಸಣ್ಣ ತುಣುಕು ಜಾಸ್ತಿ ಆಗುತ್ತದೆ. ಒಂದೇ ಕಿಟಕಿಯಿಂದ ಒಂದು ಪಕ್ಕದ ಬೆಳಕು ಬೀಳಲಿ. ಟ್ಯೂಬ್‌ಲೈಟ್ ಆಫ್ ಮಾಡಿ. ನೆರಳು ಸ್ಪಷ್ಟವಾಗಿದ್ದರೆ ಅರ್ಧ ಕೆಲಸವನ್ನು ಅದೇ ಮಾಡಿಕೊಡುತ್ತದೆ.

ಅಳತೆ 15 ಸೆಂಟಿಮೀಟರ್‌ಗೆ 20 ಸೆಂಟಿಮೀಟರ್ ಇರಲಿ. ಇದಕ್ಕಿಂತ ಚಿಕ್ಕದಾದರೆ ಉಳಿ ತಿರುಗಿಸಲು ಜಾಗ ಇರುವುದಿಲ್ಲ, ತುಂಬಾ ದೊಡ್ಡದಾದರೆ ಕೈಯಲ್ಲಿ ಉಜ್ಜಿ ಮುದ್ರಿಸುವಾಗ ತೋಳು ಸೋಲುತ್ತದೆ.

ಮೊದಲು ದಪ್ಪ ಮಾರ್ಕರ್‌ನಲ್ಲಿ ಮೂರೇ ಮಟ್ಟದಲ್ಲಿ ಚಿತ್ರ ಮಾಡಿ: ಬಿಳಿ, ಬೂದಿ, ಕಪ್ಪು. ಇದನ್ನು ದೂರ ನಿಂತು ನೋಡಿದಾಗ ಹೂದಾನಿ ಹೂದಾನಿಯಂತೆ ಕಾಣಬೇಕು. ಕಾಣದಿದ್ದರೆ ಬಣ್ಣ ಹಾಕಿದರೂ ಕಾಣುವುದಿಲ್ಲ, ಮತ್ತೆ ಮಾಡಿ. ಹಾಳಾಗುವುದು ಕಾಗದ ಮಾತ್ರ ಅಲ್ವಾ.

ಬಣ್ಣ ಬಿಡಿಸುವುದು

ಇಲ್ಲಿ ಅವಸರ ಮಾಡಬೇಡಿ. ನಾಲ್ಕು ಬಣ್ಣ, ನಾಲ್ಕು ಅಚ್ಚು, ಅಂದರೆ ಬಣ್ಣಕ್ಕೊಂದರಂತೆ ಕೆತ್ತಿದ ನಾಲ್ಕು ಹಲಗೆ. ಹಲಗೆಯಲ್ಲಿ ಕೆತ್ತದೆ ಉಳಿಸಿದ ಜಾಗ ಮಾತ್ರ ಕಾಗದದ ಮೇಲೆ ಬಣ್ಣವಾಗಿ ಬರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಟ್ರೇಸಿಂಗ್ ಹಾಳೆ ತೆಗೆದುಕೊಳ್ಳಿ. ದಾಸವಾಳದ ಚಿತ್ರ ಅಂದುಕೊಳ್ಳೋಣ.

ಮೊದಲನೆಯದು ತಿಳಿ ಮಣ್ಣಿನ ಬಣ್ಣ. ಇದು ಹೆಚ್ಚುಕಡಿಮೆ ಇಡೀ ಚಿತ್ರದ ಅಡಿಯಲ್ಲಿ ಹೋಗುತ್ತದೆ. ಬಿಳಿ ಬೇಕಾದ ಕಡೆ ಮಾತ್ರ, ಅಂದರೆ ಹೂದಾನಿಯ ಹೊಳಪು, ದಳದ ಅಂಚು, ಇಷ್ಟನ್ನು ಕೆತ್ತಿ ತೆಗೆಯಬೇಕು. ಹೀಗೆ ಮಾಡಿದರೆ ಎರಡು ಲಾಭ. ಮೇಲೆ ಬರುವ ಎಲ್ಲಾ ಬಣ್ಣಗಳ ಅಡಿಯಲ್ಲೂ ಒಂದೇ ಬೆಚ್ಚಗಿನ ಬಣ್ಣ ಇರುವುದರಿಂದ ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಜೊತೆಗೆ ಕಾಗದದ ಬಿಳಿ ಉಳಿಯುವುದು ಐದಾರು ಕಡೆ ಮಾತ್ರ, ಹಾಗಾಗಿ ಅದು ನಿಜವಾಗಿಯೂ ಹೊಳೆಯುತ್ತದೆ.

ಎರಡನೆಯದು ಹಳದಿ ಹಸಿರು, ಎಲೆಗಳಿಗೆ, ದಂಟಿಗೆ. ಹೂದಾನಿ ಮೇಲೆ ಎಲೆಯ ಛಾಯೆ ಬೀಳುವ ಕಡೆಗೂ ಇದನ್ನೇ ತನ್ನಿ. ಮೂರನೆಯದು ಕೆಂಪು. ಹೂವಿನ ಅಡಿಯಲ್ಲಿ ಹಸಿರು ಇದ್ದರೆ ಕೆಂಪು ಕಂದಾಗಿಬಿಡುತ್ತದೆ, ಆದ್ದರಿಂದ ದಳಗಳ ಜಾಗವನ್ನು ಹಸಿರಿನ ಅಚ್ಚಿನಿಂದ ತೆಗೆದುಬಿಡಿ. ಆದರೆ ತೊಟ್ಟಿನ ಬಳಿ ಆ ಕಂದು ಬೇಕಾಗುತ್ತದೆ, ಅಲ್ಲಿ ಎರಡೂ ಒಂದರ ಮೇಲೊಂದು ಬೀಳಲಿ. ಒಂದು ಬಣ್ಣ ಪುಕ್ಕಟೆ ಸಿಕ್ಕಿತು.

ನಾಲ್ಕನೆಯದು ಗಾಢ ಬಣ್ಣ. ಇದನ್ನು ಕೀ ಬ್ಲಾಕ್ ಅನ್ನುತ್ತಾರೆ, ನಾವು ಮೂಲ ಅಚ್ಚು ಅನ್ನೋಣ. ನೆರಳು, ಮುಖ್ಯ ಗೆರೆ, ಎಲೆಯ ನರ, ಹೂವಿನ ಗರ್ಭದ ಕತ್ತಲು, ಎಲ್ಲಾ ಇದರಲ್ಲಿ. ದಯವಿಟ್ಟು ಇದಕ್ಕೆ ಶುದ್ಧ ಕಪ್ಪು ಹಾಕಬೇಡಿ. ನೀಲಿ ಬೆರೆತ ಗಾಢ ಹಸಿರು, ಇಲ್ಲವೇ ಗಾಢ ಕಂದು ಹಾಕಿ. ಕಪ್ಪು ಉಳಿದ ಮೂರು ಬಣ್ಣವನ್ನೂ ನುಂಗಿಬಿಡುತ್ತದೆ.

ಪಕ್ಕಪಕ್ಕದ ಬಣ್ಣಗಳು ಸರಿಯಾಗಿ ಅಂಚಿಗೆ ಅಂಚು ಕೂರಬೇಕು ಅಂತ ಹಟ ಬೇಡ. ಅರ್ಧ ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಒಂದರ ಮೇಲೆ ಒಂದು ಹತ್ತಲಿ, ಆ ಜಾಗ ಆದಷ್ಟು ಗಾಢ ಗೆರೆಯ ಅಡಿಯಲ್ಲಿ ಬರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಕಾಗದ ಒಂದು ಕೂದಲೆಳೆ ಸರಿದರೂ ಬಿಳಿ ಬಿರುಕು ಕಾಣುತ್ತದೆ.

ಇಷ್ಟೆಲ್ಲಾ ಅಚ್ಚು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ನಾರ್ವೆಯ ಎಡ್ವರ್ಡ್ ಮುಂಕ್ 1890ರ ದಶಕದ ಕೊನೆಯಲ್ಲಿ ಒಂದೇ ಹಲಗೆಯನ್ನು ಸಣ್ಣ ಗರಗಸದಿಂದ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ, ಒಂದೇ ಸಲ ಮುದ್ರಿಸುತ್ತಿದ್ದರು. ಎರಡು ಮೂರು ದೊಡ್ಡ ಆಕಾರದ ಚಿತ್ರಕ್ಕೆ ಚೆನ್ನಾಗಿದೆ. ಬಣ್ಣದ ಮೇಲೆ ಬಣ್ಣ ಬೀಳುವ ಸೊಗಸು ಮಾತ್ರ ಅದರಲ್ಲಿ ಸಿಗುವುದಿಲ್ಲ.

ಮರ, ಉಳಿ

ಯುರೋಪಿನಲ್ಲಿ ಪೇರ್, ಲಿಂಡನ್ ಮರ ಬಳಸುತ್ತಿದ್ದರು, ಜಪಾನಿನಲ್ಲಿ ಕಾಡು ಚೆರ್ರಿ. ನಮ್ಮಲ್ಲಿ ಸುಲಭವಾಗಿ ಸಿಗುವುದರಲ್ಲಿ ಬರ್ಚ್ ಪ್ಲೈವುಡ್ ಒಳ್ಳೆಯದು, ಲೇಸರ್ ಕಟಿಂಗ್ ಮಾಡುವವರ ಹತ್ತಿರ, ಹವ್ಯಾಸದ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಮನೆ ಕೆಲಸಕ್ಕೆ ತರುವ ಮಾಮೂಲಿ ಪ್ಲೈವುಡ್‌ನ ಮೇಲ್ಪದರ ಸಿಬಿರು ಸಿಬಿರಾಗಿ ಏಳುತ್ತದೆ, ಸಣ್ಣ ಗೆರೆ ನಿಲ್ಲುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ ಎಳೆ ಇಲ್ಲ, ಪುಡಿಯಾಗುತ್ತದೆ, ಉಳಿಯೂ ಬೇಗ ಮೊಂಡಾಗುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ನುಣುಪು, ಒತ್ತಾದ ಎಳೆ. ಆದರೆ ಅಗಲದ ಹಲಗೆ ಸಿಗುವುದು ಕಷ್ಟ. ಸಿಕ್ಕರೆ ಚಿಕ್ಕ ಅಚ್ಚಿಗೆ ಖಂಡಿತ ಪ್ರಯತ್ನಿಸಿ.

ನಾಲ್ಕೂ ಅಚ್ಚು ಒಂದೇ ದಪ್ಪ, ಒಂದೇ ಅಳತೆ ಇರಬೇಕು. ಮೂಲೆ ಸರಿಯಾಗಿ 90 ಡಿಗ್ರಿ. ಇದನ್ನು ಬಡಗಿಯ ಹತ್ತಿರವೇ ಕೊಯ್ಯಿಸಿ.

ಸಲಕರಣೆ ನಾಲ್ಕು ಸಾಕು: ಒಂದು ಮೊನೆಯ ಚಾಕು, ಒಂದು ವಿ ಆಕಾರದ ಉಳಿ, ಅಗಲ ಬೇರೆ ಬೇರೆ ಇರುವ ಎರಡು ಯು ಆಕಾರದ ಉಳಿ. ಹನ್ನೆರಡರ ಸೆಟ್ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತರಬೇಡಿ. ಆ ದುಡ್ಡಿನಲ್ಲಿ 1000 ಗ್ರಿಟ್‌ನ ಒಂದು ಸಾಣೆಕಲ್ಲು, ಅದಕ್ಕಿಂತ ನಯವಾದ ಇನ್ನೊಂದು, ಒಂದು ಹಳೆಯ ಚರ್ಮದ ಬೆಲ್ಟಿನ ತುಂಡು ಇಟ್ಟುಕೊಳ್ಳಿ. ಉಳಿಯನ್ನು ಜೋರಾಗಿ ತಳ್ಳಬೇಕಾಗಿ ಬಂತು ಅಂದರೆ ಅದು ಮೊಂಡಾಗಿದೆ. ಕೈಗೆ ಗಾಯ ಆಗುವುದೂ ಆಗಲೇ.

ಮೂಲ ಅಚ್ಚು ಮೊದಲು

ಟ್ರೇಸಿಂಗ್ ಹಾಳೆಯನ್ನು ತಿರುಗಿಸಿ ಮರದ ಮೇಲೆ ಇಡಿ. ಮರದ ಮೇಲೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇದ್ದರೆ ಕಾಗದದ ಮೇಲೆ ನೇರ ಬರುತ್ತದೆ. ಕಾರ್ಬನ್ ಪೇಪರ್ ಇಟ್ಟು ತಿದ್ದಿ. ತಿದ್ದುವ ಮೊದಲು ಮರಕ್ಕೆ ತೆಳ್ಳಗೆ ಶಾಯಿಯ ನೀರು ಬಳಿದು ಒಣಗಿಸಿದರೆ, ಕೆತ್ತಿದ ಜಾಗ ಬಿಳಿಯಾಗಿ ಎದ್ದು ಕಾಣುತ್ತದೆ.

ಉಳಿಸಬೇಕಾದ ಗೆರೆಯ ಎರಡೂ ಪಕ್ಕ ಮೊದಲು ಚಾಕು ಎಳೆಯಿರಿ. ಚಾಕು ಗೆರೆಯಿಂದ ಹೊರಕ್ಕೆ ಓರೆಯಾಗಿ ಇಳಿಯಬೇಕು, ಗೆರೆಯ ಬುಡ ಅಗಲವಾಗಿರಬೇಕು. ಒಳಕ್ಕೆ ಓರೆ ಮಾಡಿದರೆ ಮುದ್ರಿಸುವಾಗ ಗೆರೆ ಮುರಿಯುತ್ತದೆ. ಆಮೇಲೆ ಉಳಿಯಲ್ಲಿ ಸುತ್ತ ತೆಗೆಯಿರಿ. ಗೆರೆಗಳ ಹತ್ತಿರ ಒಂದೂವರೆ ಮಿಲಿಮೀಟರ್ ಆಳ ಸಾಕು. ದೊಡ್ಡ ಖಾಲಿ ಜಾಗದಲ್ಲಿ ಮೂರು ಮಿಲಿಮೀಟರ್‌ವರೆಗೂ ಹೋಗಿ, ಯಾಕೆಂದರೆ ಅಲ್ಲಿ ಕಾಗದ ಬಾಗಿ ತಳದ ಇಂಕ್ ಮುಟ್ಟುತ್ತದೆ. ಎಳೆಗೆ ಅಡ್ಡವಾಗಿ ಕೆತ್ತುವಾಗ ಮೆಲ್ಲಗೆ. ಉಳಿಯ ಮುಂದೆ ನಿಮ್ಮ ಕೈ ಯಾವತ್ತೂ ಇರಕೂಡದು. ಹಲಗೆ ಜಾರದಂತೆ ಮೇಜಿನ ಅಂಚಿಗೆ ಒಂದು ಪಟ್ಟಿ ಹೊಡೆದು ಅದಕ್ಕೆ ಒರಗಿಸಿ.

ತುಂಡು ಹಾರಿ ಹೋಯಿತೇ? ಹುಡುಕಿ ಮರದ ಅಂಟು ಹಾಕಿ ಅಲ್ಲೇ ಕೂರಿಸಿ. ಸಿಗದಿದ್ದರೆ ಮರದ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ ಮತ್ತೆ ಕೆತ್ತಿ.

ಎಲ್ಲಾ ಅಚ್ಚು ಒಂದೇ ಜಾಗಕ್ಕೆ ಕೂರುವಂತೆ ಮಾಡುವುದು

ಬಣ್ಣದ ಮರದಚ್ಚು ಬಿಟ್ಟುಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟಿದ್ದು ಇಲ್ಲೇ. ದಾರಿ ಗೊತ್ತಿದ್ದರೆ ಕಷ್ಟವಿಲ್ಲ.

ಅಚ್ಚಿಗಿಂತ ದೊಡ್ಡ ಒಂದು ಹಲಗೆ ತೆಗೆದುಕೊಳ್ಳಿ. ಅದರ ಮೇಲೆ ಅಚ್ಚಿನಷ್ಟೇ ದಪ್ಪದ ಎರಡು ಪಟ್ಟಿಗಳನ್ನು ಎಲ್ ಆಕಾರದಲ್ಲಿ ಅಂಟಿಸಿ. ಪ್ರತಿ ಅಚ್ಚೂ ಅದೇ ಮೂಲೆಗೆ ಒತ್ತಿ ಕೂರುತ್ತದೆ. ಈಗ ಕಾಗದಕ್ಕೂ ಗುರುತು ಬೇಕು. ಜಪಾನಿನವರು ಇದನ್ನು ಕೆಂಟೊ ಅನ್ನುತ್ತಾರೆ. ಒಂದು ಮೂಲೆಯಲ್ಲಿ ಎಲ್ ಆಕಾರದ ತಡೆ, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರ ತಡೆ. ಅವರು ಅದನ್ನು ಅಚ್ಚಿನಲ್ಲೇ ಕೆತ್ತುತ್ತಾರೆ, ನಾವು ಪಟ್ಟಿಗಳ ಮೇಲೆ ದಪ್ಪ ರಟ್ಟಿನ ತುಂಡು ಅಂಟಿಸಿದರೆ ಸಾಕು. ಕಾಗದದ ಮೂಲೆ ಮೊದಲ ತಡೆಗೆ, ಅಂಚು ಎರಡನೆಯದಕ್ಕೆ ತಾಗಿಸಿ, ಆಮೇಲೆ ಉಳಿದ ಕಾಗದವನ್ನು ಮೆಲ್ಲಗೆ ಇಳಿಸಿ. ಪ್ರತಿ ಸಲವೂ ಅದೇ ಮೂಲೆ ಬರಬೇಕು, ಆದ್ದರಿಂದ ಹಾಳೆಗಳ ಹಿಂದೆ ಆ ಮೂಲೆಗೆ ಪೆನ್ಸಿಲ್ ಗುರುತು ಹಾಕಿಡಿ.

ಈಗ ಉಳಿದ ಮೂರು ಅಚ್ಚಿಗೆ ಚಿತ್ರ ಹೇಗೆ? ಮತ್ತೆ ಟ್ರೇಸ್ ಮಾಡಬೇಡಿ. ಕೆತ್ತಿ ಮುಗಿದ ಮೂಲ ಅಚ್ಚಿಗೆ ಇಂಕ್ ಹಚ್ಚಿ, ಕಾಗದದಷ್ಟೇ ಅಳತೆಯ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತಡೆಗಳಿಗೆ ತಾಗಿಸಿ ಇಟ್ಟು, ಅದರ ಮೇಲೆ ಮುದ್ರಿಸಿ. ಮೂಲ ಅಚ್ಚು ತೆಗೆದು ಖಾಲಿ ಹಲಗೆ ಕೂರಿಸಿ. ಹಸಿ ಇಂಕಿನ ಪ್ಲಾಸ್ಟಿಕ್ ಹಾಳೆಯನ್ನು ಅದೇ ತಡೆಗಳಿಗೆ ತಾಗಿಸಿ ಇಳಿಸಿ ಉಜ್ಜಿ. ಚಿತ್ರ ಮರಕ್ಕೆ ಇಳಿಯುತ್ತದೆ, ಸರಿಯಾದ ಜಾಗದಲ್ಲಿ, ಸರಿಯಾಗಿ ಉಲ್ಟಾ ಆಗಿ. ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ ಒರೆಸಿದರೆ ಕೈಗೆ ಅಂಟುವುದಿಲ್ಲ. ಮೂರು ಹಲಗೆಗೂ ಹೀಗೇ ಮಾಡಿ, ಆಮೇಲೆ ಟ್ರೇಸಿಂಗ್ ಹಾಳೆಗಳನ್ನು ಎದುರಿಗಿಟ್ಟುಕೊಂಡು ಯಾವ ಹಲಗೆಯಲ್ಲಿ ಯಾವ ಭಾಗ ಉಳಿಯಬೇಕು ಅಂತ ಬಣ್ಣದ ಪೆನ್ಸಿಲ್‌ನಲ್ಲಿ ತುಂಬಿ ಕೆತ್ತಿ. ಈ ಮೂರರಲ್ಲಿ ದೊಡ್ಡ ಆಕಾರಗಳೇ ಇರುವುದರಿಂದ ಕೆಲಸ ಬೇಗ ಆಗುತ್ತದೆ.

ಕಾಗದ, ಇಂಕ್, ಮುದ್ರಣ

ಕಾಗದ ತೆಳ್ಳಗೆ, ಗಟ್ಟಿಯಾಗಿ, ಉದ್ದ ನಾರಿನದಾಗಿರಲಿ. ಜಪಾನಿನ ಕೋಜೊ ಕಾಗದ ಸಿಕ್ಕರೆ ಉತ್ತಮ, ನೇಪಾಳದ ಲೋಕ್ತಾ ಕಾಗದವೂ ಚೆನ್ನಾಗಿ ಇಂಕ್ ಹೀರುತ್ತದೆ. ಡ್ರಾಯಿಂಗ್ ಶೀಟ್ ದಪ್ಪ, ಕೈಯಲ್ಲಿ ಉಜ್ಜಿದರೆ ಇಂಕ್ ಸರಿಯಾಗಿ ಹತ್ತುವುದಿಲ್ಲ. ಮಳೆಗಾಲದಲ್ಲಿ ಒಂದು ಮಾತು ನೆನಪಿಡಿ: ಕಾಗದ ತೇವ ಕುಡಿದು ಹಿಗ್ಗುತ್ತದೆ. ಸೋಮವಾರ ಕೆಂಪು, ಗುರುವಾರ ಗಾಢ ಬಣ್ಣ ಮುದ್ರಿಸುವಷ್ಟರಲ್ಲಿ ಅಳತೆ ಬದಲಾಗಿರುತ್ತದೆ. ಮುಂಗಾರಿನಲ್ಲಿ ಮಲೆನಾಡು, ಕರಾವಳಿಯವರು ಹಾಳೆಗಳನ್ನು ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು, ಮುದ್ರಿಸುವಾಗ ಮಾತ್ರ ತೆಗೆಯಿರಿ.

ಜಪಾನಿನ ಕ್ರಮದಲ್ಲಿ ನೀರಿನ ಬಣ್ಣಕ್ಕೆ ಅಕ್ಕಿಯ ಅಂಟು ಬೆರೆಸಿ ಬ್ರಶ್‌ನಿಂದ ಹಚ್ಚಿ, ಒದ್ದೆ ಕಾಗದದ ಮೇಲೆ ಮುದ್ರಿಸುತ್ತಾರೆ. ಬಣ್ಣ ಕಾಗದದೊಳಗೆ ಇಳಿದು ತುಂಬಾ ಮೃದುವಾಗಿ ಕಾಣುತ್ತದೆ. ಆದರೆ ಮೊದಲ ಸಲಕ್ಕೆ ಎಣ್ಣೆ ಆಧಾರದ ರಿಲೀಫ್ ಇಂಕ್ (ಇಂಥ ಕೆತ್ತಿದ ಅಚ್ಚಿಗೆಂದೇ ಮಾಡಿದ್ದು), ರಬ್ಬರ್ ರೋಲರ್ ಸುಲಭ. ಇಂಕಿಗೆ ಪಾರದರ್ಶಕ ಬೇಸ್, ಅಂದರೆ ಬಣ್ಣವಿಲ್ಲದ ಇಂಕ್, ಧಾರಾಳವಾಗಿ ಸೇರಿಸಿ, ಅರ್ಧಕ್ಕರ್ಧವಾದರೂ ಪರವಾಗಿಲ್ಲ. ಅದು ಇಲ್ಲದಿದ್ದರೆ ಮೇಲಿನ ಬಣ್ಣ ಕೆಳಗಿನದನ್ನು ಮುಚ್ಚಿಬಿಡುತ್ತದೆ, ಬಣ್ಣ ಬಿಡಿಸುವಾಗ ನೀವು ಪಟ್ಟ ಶ್ರಮ ಎಲ್ಲಾ ನೀರಲ್ಲಿ ಹೋಮ.

ಗಾಜಿನ ಮೇಲೆ ಇಂಕ್ ಹರಡಿದಾಗ ರೋಲರ್ ಕೆಳಗೆ ಸಣ್ಣಗೆ ಚರಚರ ಅನ್ನಬೇಕು. ಪಚಪಚ ಅಂದರೆ ಇಂಕ್ ಜಾಸ್ತಿಯಾಗಿದೆ. ಅಚ್ಚಿನ ಮೇಲೆ ತೆಳ್ಳಗೆ ಮೂರು ನಾಲ್ಕು ಸಲ, ಬೇರೆ ಬೇರೆ ದಿಕ್ಕಿನಿಂದ ಹಚ್ಚಿ. ಕಾಗದ ಇಳಿಸಿ, ನಡುವಿನಿಂದ ಹೊರಕ್ಕೆ ಮರದ ಸೌಟಿನ ಹಿಂಭಾಗದಿಂದ ಸುತ್ತು ಸುತ್ತಾಗಿ ಉಜ್ಜಿ. ಒಂದು ಕೈ ಕಾಗದ ಹಿಡಿದಿರಲಿ, ಇನ್ನೊಂದರಿಂದ ಮೂಲೆ ಎತ್ತಿ ನೋಡಿ, ಹತ್ತದ ಕಡೆ ಮತ್ತೆ ಉಜ್ಜಿ.

ಕ್ರಮ ತಿಳಿಯಿಂದ ಗಾಢಕ್ಕೆ: ಮಣ್ಣಿನ ಬಣ್ಣ, ಹಸಿರು, ಕೆಂಪು, ಕೊನೆಗೆ ಮೂಲ ಅಚ್ಚು. ಹತ್ತು ಪ್ರತಿ ಬೇಕಿದ್ದರೆ ಹದಿನೈದು ಹಾಳೆಯಿಂದ ಶುರು ಮಾಡಿ. ಬಣ್ಣದಿಂದ ಬಣ್ಣಕ್ಕೆ ಇಂಕ್ ಒಣಗಲು ಒಂದು ದಿನವಾದರೂ ಬಿಡಿ, ತೇವದ ದಿನಗಳಲ್ಲಿ ಎರಡು ಮೂರು. ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟರೆ ಸಾಕು.

ಮಣ್ಣಿನ ಬಣ್ಣದ ಅಚ್ಚಿನಲ್ಲಿ ಒಂದು ಸೊಗಸು ಮಾಡಬಹುದು. ರೋಲರ್‌ನ ಒಂದು ತುದಿಗೆ ಬಣ್ಣ, ಇನ್ನೊಂದು ತುದಿಗೆ ಬರೀ ಪಾರದರ್ಶಕ ಬೇಸ್ ಇಟ್ಟು ಒಂದೇ ಜಾಗದಲ್ಲಿ ಉರುಳಿಸಿದರೆ ನಡುವೆ ಎರಡೂ ಬೆರೆಯುತ್ತವೆ. ರೋಲರ್ ಅಚ್ಚಿನಷ್ಟು ಅಗಲ ಇರಬೇಕು. ಹಿನ್ನೆಲೆ ಮೇಲಿನಿಂದ ಕೆಳಕ್ಕೆ ತಿಳಿಯಾಗುತ್ತಾ ಬರುತ್ತದೆ, ಕಿಟಕಿಯ ಬೆಳಕು ಚಿತ್ರದೊಳಗೆ ಬಂದ ಹಾಗೆ ಆಗುತ್ತದೆ.

ಎಲ್ಲಾ ಹಾಳೆ ಮುದ್ರಿಸುವ ಮೊದಲು ಎರಡು ಹಾಳೆಯಲ್ಲಿ ನಾಲ್ಕೂ ಬಣ್ಣ ಮುಗಿಸಿ ಗೋಡೆಗೆ ಹಾಕಿ ನೋಡಿ. ಹಸಿರು ಕಿರುಚುತ್ತಿದೆಯೇ? ಚಿಟಿಕೆ ಕೆಂಪು ಬೆರೆಸಿ. ಕೆಂಪು ಒಂಟಿಯಾಗಿ ನಿಂತಿದೆಯೇ? ಮೂಲ ಅಚ್ಚಿನ ಗಾಢ ಬಣ್ಣವನ್ನು ಒಂದು ಹನಿ ಅದಕ್ಕೆ ಸೇರಿಸಿ. ಯಾವುದೋ ಗೆರೆ ಜಾಸ್ತಿ ಅನಿಸಿದರೆ ಈಗಲೇ ಕೆತ್ತಿ ತೆಗೆಯಿರಿ. ನನ್ನ ಅನಿಸಿಕೆಯಲ್ಲಿ ಈ ಹಂತದಲ್ಲಿ ತೆಗೆದ ಗೆರೆಯಿಂದ ಚಿತ್ರ ಕೆಡುವುದು ತುಂಬಾ ಅಪರೂಪ.

ಮುಗಿದ ಮೇಲೆ

ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ. ಹತ್ತರಲ್ಲಿ ಮೂರನೆಯದು ಅಂದರೆ 3/10. ಪ್ರಯೋಗದ ಹಾಳೆಗಳನ್ನು ಎಸೆಯಬೇಡಿ. ಯಾವ ಬಣ್ಣಕ್ಕೆ ಎಷ್ಟು ಬೇಸ್ ಬೆರೆಸಿದಿರಿ ಅಂತ ಅದರ ಅಂಚಿನಲ್ಲೇ ಬರೆದಿಡಿ.

ಅಚ್ಚುಗಳನ್ನು ನೀರಿನಲ್ಲಿ ತೊಳೆಯಬೇಡಿ, ಮರ ಸೊಟ್ಟಗಾಗುತ್ತದೆ. ಅಡುಗೆ ಎಣ್ಣೆ ಸವರಿ, ಹಳೆಯ ಬ್ರಶ್‌ನಿಂದ ಸಂದುಗಳ ಇಂಕ್ ಬಿಡಿಸಿ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮಟ್ಟಸವಾಗಿ ಒಂದರ ಮೇಲೊಂದು ಇಡಿ. ಹಾಳೆಗಳನ್ನು ಜಿರಲೆ, ಬೆಳ್ಳಿಹುಳ ಸೇರದ ಕಡೆ, ನೇರ ಬಿಸಿಲು ಬೀಳದ ಕಡೆ ಇಡಿ. ಫ್ರೇಮ್ ಹಾಕಿಸುವುದಾದರೆ ಗಾಜು ಕಾಗದಕ್ಕೆ ತಾಗದಂತೆ ಮೌಂಟ್ ಹಾಕಲು ಹೇಳಿ.

ಅಚ್ಚುಗಳು ಇರುವಾಗ ಅವೇ ನಾಲ್ಕನ್ನು ಬೇರೆ ಬಣ್ಣಗಳಲ್ಲಿ ಒಂದು ಸಲ ಮುದ್ರಿಸಿ ನೋಡಿ. ಮಣ್ಣಿನ ಬಣ್ಣದ ಬದಲು ತಿಳಿ ನೀಲಿ ಬೂದಿ, ಕೆಂಪಿನ ಬದಲು ಮಾಸಲು ಗುಲಾಬಿ, ಮೂಲ ಅಚ್ಚಿಗೆ ಗಾಢ ನೇರಳೆ ಹಾಕಿದರೆ ಬೆಳಗಿನ ದಾಸವಾಳ ಸಂಜೆಯದಾಗುತ್ತದೆ. ಇದಕ್ಕೆ ಒಂದು ಗೆರೆಯನ್ನೂ ಹೊಸದಾಗಿ ಕೆತ್ತಬೇಕಿಲ್ಲ.